ಕೊನೆಗೆ ಕೈ ಹಚ್ಚಿದವರು ಯಾರು?

ನಲವತ್ತೊಂದನೆಯ ವಯಸ್ಸಿನಲ್ಲಿ ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ಚೀಲದಲ್ಲಿ ನಟ್ಟು ಬಿಚ್ಚುವ ಪಾನಾ ಹಾಕಿಕೊಂಡು ಕಾಲೇಜಿಗೆ ಹೊರಟ ಹೆಂಗಸಿನ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ. ಅದಕ್ಕಾಗಿ ಆಕೆ ಬೇರೆ ಪ್ರಯತ್ನಪಡಬೇಕಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತರೂ ಸಾಕು.

ನಮ್ಮದು ಬನಹಟ್ಟಿ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಕರೆಂಟಿನ ಮಗ್ಗ. ಯಜಮಾನರು ಸೀರೆ ಗಂಟು ಕಟ್ಟಿಕೊಂಡು ಊರೂರು ತಿರುಗುವವರು. ಹೀಗಾಗಿ ಮಗ್ಗದ ಪೂರಾ ಜವಾಬ್ದಾರಿ ನನ್ನದು ಮತ್ತು ನಮ್ಮ ಅತ್ತೆಯದು. ನಡೆಯುವ ಮಗ್ಗ ನಡೆಸುವುದು ನಮಗೆ ಗೊತ್ತು. ನಿಂತ ಮಗ್ಗ ನಡೆಸುವುದು ಗೊತ್ತಿರಲಿಲ್ಲ. ಅದಕ್ಕೆ ಜಾಬರ್ ಕಾಕಾ ಇದ್ದರು. ಮಗ್ಗ ರಿಪೇರಿ ಮಾಡುವವರಿಗೆ ನಮ್ಮಲ್ಲಿ ಜಾಬರ್ ಅನ್ನುತ್ತಾರೆ. ಇಡೀ ಓಣಿಗೆ ಇವರೊಬ್ಬರೇ. ಅವರು ಫೋನಿನಲ್ಲಿ "ಇಗಾ ಬಂದೆ" ಎಂದರೆ ನಾವು ಮೂರನೆಯ ದಿನ ಚಹಾ ಇಡುತ್ತಿದ್ದೆವು.

ಕಾಕಾನ ಕೆಲಸದ್ದೊಂದು ಪದ್ಧತಿ. ಬಂದವರೇ ಚೀಲ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಮಗ್ಗದ ಕಡೆ ಕಣ್ಣೆತ್ತಿಯೂ ನೋಡದೆ ಕೇಳುತ್ತಿದ್ದರು: "ಕೊನಿಗಿ ಕೈ ಹಚ್ಚಿದವ್ರು ಯಾರು?"

ನಾನು "ನಾ ಅಲ್ರೀ" ಎನ್ನುತ್ತಿದ್ದೆ. ಅತ್ತೆ "ನಾ ಯಾಕ ಹಚ್ಚಲಿ" ಎನ್ನುತ್ತಿದ್ದರು. ಕೂಲಿಗೆ ಬರುವವರು ಆಗಲೇ ಬಾಗಿಲು ದಾಟಿರುತ್ತಿದ್ದರು. ಕಾಕಾ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಆಮೇಲೆ ಎದ್ದು ಮಗ್ಗದ ಹತ್ತಿರ ಹೋಗುತ್ತಿದ್ದರು. ನನ್ನ ಮನೆಯಲ್ಲಿ ನನ್ನನ್ನೇ ಪೊಲೀಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದ ಹಾಗೆ ಆಗುತ್ತಿತ್ತು. ಆ ಪ್ರಶ್ನೆ ಕೇಳಿದರೆ ಸಾಕು, ಮೈ ಉರಿಯುತ್ತಿತ್ತು.

ಒಮ್ಮೆ ಐದು ದಿನ ಎರಡು ಮಗ್ಗ ನಿಂತವು. ಆರನೆಯ ದಿನ ಕಾಕಾ ಬಂದು ಅದೇ ಪ್ರಶ್ನೆ ಕೇಳಿದಾಗ ನಾನು, "ಕಾಕಾ, ಇನ್ನ ನಾನ ಕಲೀತೇನಿ ಈ ರಿಪೇರಿ" ಅಂದುಬಿಟ್ಟೆ.

"ಕಲಿಯವಾ. ನೀ ಪಾಸಾದ ದಿನಾ ಈ ಚೀಲಾ ನಿಮ್ಮ ಮನ್ಯಾಗ ಬಿಚ್ಚಂಗಿಲ್ಲ ನೋಡು ನಾ" ಎಂದು ನಕ್ಕರು ಕಾಕಾ.

ಅತ್ತೆ ಅರ್ಧಂಬರ್ಧ ಮಾತಾಡುವ ಹೆಂಗಸಲ್ಲ. "ಒಂದು ವರ್ಸ ಹೋಗು," ಅಂದರು. "ಪಾಸಾದ್ರ ನಾಕೂ ಮಗ್ಗಾ ನಿನ್ನ ಕೈಯಾಗ. ಇಲ್ಲಂದ್ರ ನಾಕೂ ಮಾರಿಬಿಡೂದು, ನೀ ಮಂದಿ ಶೆಡ್ಡಿಗಿ ನೇಯಾಕ ಹೋಗೂದು. ಹಿಂಗ ನಿಂತ ಮಗ್ಗದ ಮಾರಿ ನೋಡಿ ನನಗ ಸಾಕಾಗೇತಿ."

ಅವರು ಹೇಳಿದರೆ ಮಾಡಿಯೇ ತೀರುವವರು ಎಂದು ಇಪ್ಪತ್ತು ವರ್ಷದಿಂದ ಬಲ್ಲೆ.

ಪಾಲಕರ ಸಹಿ

ಜಮಖಂಡಿಯ ಸಮುದಾಯ ಕಾಲೇಜಿನಲ್ಲಿ ವಯಸ್ಸಿನ ಹಂಗಿಲ್ಲದೆ ಯಾರಿಗಾದರೂ ಒಂದು ವರ್ಷದ ಮೆಕ್ಯಾನಿಕ್ ಕೋರ್ಸು ಕಲಿಸುತ್ತಾರೆ ಎಂದು ಕೇಳಿ ಅತ್ತೆಯ ಜೊತೆ ಹೋದೆ. ಕಿಟಕಿಯ ಆಚೆ ಕೂತಿದ್ದ ಕ್ಲಾರ್ಕು ತಲೆ ಎತ್ತದೆ ಅರ್ಜಿ ಕೊಟ್ಟು, "ಮಗನ್ನ ಕರಕೊಂಡು ಬಂದೀರೇನ್ರೀ?" ಎಂದರು.

"ಇಲ್ರೀ."

"ಹುಡುಗ ಬರಬೇಕ್ರೀ. ಫೋಟೋ ತಗೀಬೇಕು."

"ಬಂದೇನಲ್ರೀ."

ಈಗ ತಲೆ ಎತ್ತಿದರು. ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ನಮ್ಮಿಬ್ಬರ ಹಿಂದೆ ಯಾರಾದರೂ ಹುಡುಗ ಇದ್ದಾನೇನೋ ಎಂದು ಕಿಟಕಿಯಿಂದ ಬಗ್ಗಿ ನೋಡಿದರು. ಯಾರೂ ಇರಲಿಲ್ಲ. ಒಳ್ಳೆಯ ಮನುಷ್ಯ, ಮತ್ತೇನೂ ಕೇಳದೆ ಅರ್ಜಿ ತುಂಬಿಸಿದರು. ಕೊನೆಗೆ ಒಂದು ಗೆರೆ ಖಾಲಿ ಉಳಿಯಿತು. ಪಾಲಕರ ಸಹಿ.

"ನನಗ ನಲವತ್ತೊಂದ್ರೀ. ನನ್ನ ಎರಡು ಮಕ್ಕಳಿಗಿ ನಾನ ಪಾಲಕಿ ಅದೇನಿ" ಎಂದೆ.

"ಖರೆ ಐತ್ರೀ. ಆದ್ರ ಗೆರೀ ಖಾಲಿ ಬಿಟ್ರ ಕಂಪ್ಯೂಟರ್ ತಗೊಳ್ಳಂಗಿಲ್ಲ."

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಎಡಗೈ ಹೆಬ್ಬೆಟ್ಟನ್ನು ಶಾಯಿಯಲ್ಲಿ ಅದ್ದಿ, ಆ ಗೆರೆಯ ಮೇಲೆ ಒತ್ತಿದರು. ಆಮೇಲೆ ಕ್ಲಾರ್ಕಿಗೆ, "ಗೈರುಹಾಜರಿ ಆದ್ರ ಸೀದಾ ನನಗ ಫೋನ್ ಹಚ್ರಿ" ಎಂದು ನಂಬರು ಬರೆಸಿ ಬಂದರು.

ಖಾಕಿ ಅಂಗಿ

ಯಂತ್ರದ ಹತ್ತಿರ ಸೆರಗು ಹಾರಬಾರದು ಎಂದು ನಮ್ಮ ಸರ್ ಮೊದಲನೆಯ ದಿನವೇ ಹೇಳಿದರು. ನಾನು ಸೆರಗು ಬಿಗಿದು, ಮೇಲೆ ಯಜಮಾನರ ಅಳತೆಯ ಖಾಕಿ ಅಂಗಿ ಹೊಲಿಸಿಕೊಂಡೆ. ಕ್ಲಾಸಿನಲ್ಲಿ ನನ್ನನ್ನು ಬಿಟ್ಟರೆ ಹನ್ನೊಂದು ಜನ, ಎಲ್ಲರೂ ಮೀಸೆ ಈಗಷ್ಟೇ ಮೂಡಿದ ಹುಡುಗರು. ಎಲ್ಲರಿಗೂ ನಾನು ಅಕ್ಕಾರು.

ಸೇರಿ ಹನ್ನೆರಡು ದಿನ ಆಗಿತ್ತು. ಬಸ್ಸು ತಪ್ಪಿ ಟಂಟಂ ಹತ್ತಿದೆ. ಮೂರು ಗಾಲಿಯ ಆ ಗಾಡಿಯಲ್ಲಿ ನಾವು ಹದಿಮೂರು ಮಂದಿ. ಕಬ್ಬಿನ ಹೊಲದ ನಡುವೆ ಟಂಟಂ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಇಳಿದು ಒದ್ದ. ಆಮೇಲೆ ಮುದುಕರೊಬ್ಬರು ನನ್ನ ಅಂಗಿ ನೋಡಿ ಖುಷಿಯಿಂದ ಕೂಗಿದರು: "ಲೇ ತಮ್ಮಾ, ಒದೀಬ್ಯಾಡೋ! ಮೆಕ್ಯಾನಿಕ್ ನಮ್ಮ ಕೂಡನ ಕುಂತಾರ!"

ಹನ್ನೆರಡು ದಿನದಲ್ಲಿ ನಮಗೆ ಕಲಿಸಿದ್ದು ಪಾನಾಗಳ ಹೆಸರು ಮತ್ತು ಕೈ ಸುಟ್ಟರೆ ಏನು ಮಾಡಬೇಕು ಎಂಬುದು. ಆದರೆ ಹನ್ನೆರಡು ಜೊತೆ ಕಣ್ಣು ನೋಡುತ್ತಿರುವಾಗ ಅದನ್ನೆಲ್ಲ ವಿವರಿಸುತ್ತ ಕೂಡುವುದು ಹೇಗೆ? ಇಳಿದೆ. ಎಂಜಿನ್ನಿನ ಮುಂದೆ ನಮ್ಮ ಸರ್ ನಿಲ್ಲುವ ಹಾಗೆ ಕೈ ಹಿಂದೆ ಕಟ್ಟಿ, ಕುತ್ತಿಗೆ ಓರೆ ಮಾಡಿ, "ಹೂಂ" ಎಂದೆ.

ಪಾನಾ ಇಲ್ಲ ಅಂದರೆ ಪಾರಾದೆ ಎಂದುಕೊಂಡು, "ಹನ್ನೆರಡು-ಹದಿಮೂರರ ಪಾನಾ ಐತೇನು?" ಎಂದು ಕೇಳಿದೆ. ಆ ಪುಣ್ಯಾತ್ಮ ಸೀಟಿನ ಕೆಳಗಿಂದ ಇಡೀ ಡಬ್ಬಿಯನ್ನೇ ತೆಗೆದು ಮುಂದಿಟ್ಟ. ಒಂದು ಪಾನಾ ಎತ್ತಿಕೊಂಡು ಎಂಜಿನ್ನಿಗೆ ಮೂರು ಕಡೆ ಮೆಲ್ಲಗೆ ಬಡಿದೆ. ಕಿವಿ ಕೊಟ್ಟು ಕೇಳಿದೆ. ಆಮೇಲೆ ಪಾನಾ ವಾಪಸು ಕೊಟ್ಟು ಹೇಳಿದೆ: "ಇದು ಗ್ಯಾರೇಜಿನ ಕೆಲಸಾ. ರಸ್ತಾದ ಮ್ಯಾಲ ಬಿಚ್ಚಬಾರದು."

ಎಲ್ಲರೂ ಗೌರವದಿಂದ ತಲೆ ಆಡಿಸಿ ಇಳಿದರು. ಒಬ್ಬ ಅಜ್ಜಿ ನನ್ನ ಗದ್ದ ಮುಟ್ಟಿ ನೆಟಿಗೆ ತೆಗೆದಳು. ಹಿಂದಿನಿಂದ ಬಂದ ಬಸ್ಸಿಗೆ ಕೈ ಮಾಡಿ ನಾವೆಲ್ಲ ಜಮಖಂಡಿಗೆ ಹೋದೆವು.

ಸಂಜೆ ಸ್ಟ್ಯಾಂಡಿನಲ್ಲಿ ಅದೇ ಡ್ರೈವರ್ ಓಡಿ ಬಂದ. "ಅಕ್ಕಾರ, ನೀವು ಅಂದಂಗ ಬಿಚ್ಚಲಿಲ್ರೀ. ಗ್ಯಾರೇಜಿಗೇ ಎಳಕೊಂಡು ಹೋದ್ವಿ."

"ಛಲೋ ಮಾಡಿದಿ. ಏನಾಗಿತ್ತಂತ?"

"ಡಿಸೇಲ್ ಮುಗದಿತ್ರೀ."

ಹಾಡು ಹಚ್ಚಲೇನ್ರೀ?

ನಾನು ಹೋದದ್ದು ಮಗ್ಗದ ಮೋಟಾರು ಕಲಿಯಲು. ಅಲ್ಲಿ ಮೊದಲ ಹತ್ತು ತಿಂಗಳು ಡಿಸೇಲ್ ಎಂಜಿನ್ನು. "ಎಂಜಿನ್ ಬಂದವ್ರಿಗಿ ಮೋಟಾರು ತಾನಾಗಿ ಬರ್ತೈತಿ" ಎನ್ನುತ್ತಿದ್ದರು ಸರ್. ಅದು ಸುಳ್ಳು ಎಂದು ನನಗೆ ಆಮೇಲೆ ತಿಳಿಯಿತು.

ಸರ್ ಎಂಜಿನ್ನಿನ ದನಿ ಕೇಳಿಯೇ ರೋಗ ಹೇಳುವವರು. ನಮಗೂ ಅದನ್ನೇ ಕಲಿಸಬೇಕೆಂದು ಹಟ. ಒಂದು ದಿನ ಹಳೆಯ ಟ್ರ್ಯಾಕ್ಟರಿನ ಎಂಜಿನ್ನಿನಲ್ಲಿ ಯಾರಿಗೂ ಕಾಣದ ಹಾಗೆ ಏನೋ ಸಡಿಲು ಮಾಡಿಟ್ಟು ಚಾಲೂ ಮಾಡಿದರು. "ಏನ್ ಕೆಟ್ಟೈತಿ ಹೇಳ್ರಿ. ಕಣ್ಣು ಮುಚ್ಚಿ ಬರೇ ಕೇಳ್ರಿ."

ಹನ್ನೆರಡೂ ಜನ ಕಣ್ಣು ಮುಚ್ಚಿ ನಿಂತೆವು. ನನಗೆ ಕೇಳಿಸಿದ್ದು ಡಬ ಡಬ ಡಬ. ನಮ್ಮಲ್ಲಿ ಮುಧೋಳದ ಹುಡುಗನೊಬ್ಬನಿದ್ದ. ಮೂರು ಹಂಗಾಮು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದವನು. ಅವನ ಮೇಲೆ ಸರ್‌ಗೆ ಭರವಸೆ ಹೆಚ್ಚು. ಅವನೂ ತಲೆ ಕೆರೆದುಕೊಂಡ. ಆಮೇಲೆ ಅಂಜುತ್ತ ಕೇಳಿದ: "ಸರ್, ಒಂದು ಹಾಡು ಹಚ್ಚಲೇನ್ರೀ?"

"ಏನ್ ಹುಡುಗಾಟ ಲೇ?"

"ಹುಡುಗಾಟ ಅಲ್ರೀ ಸರ್. ಹಾಡಿಲ್ಲದ ಎಂಜಿನ್ ನಾ ಯಾವತ್ತೂ ಕೇಳಿಲ್ರೀ."

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆಗಳನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಆ ಟ್ರ್ಯಾಕ್ಟರುಗಳಲ್ಲಿ ಸ್ಪೀಕರಿನ ಡಬ್ಬಿಗಳೇ ಡ್ರೈವರಿಗಿಂತ ಹೆಚ್ಚು ಜಾಗ ಹಿಡಿದಿರುತ್ತವೆ. ಹಾಡು ಮೊದಲು ಬರುತ್ತದೆ, ಟ್ರ್ಯಾಕ್ಟರ್ ಹಿಂದಿನಿಂದ ಬರುತ್ತದೆ.

ಸರ್ ಬೇಸತ್ತು "ಹಚ್ಚು" ಎಂದರು. ಹುಡುಗ ಮೊಬೈಲಿನಲ್ಲಿ ಒಂದು ಕುಣಿತದ ಹಾಡು ಜೋರಾಗಿ ಹಚ್ಚಿ, ಕಣ್ಣು ಮುಚ್ಚಿ, ತಲೆ ಆಡಿಸುತ್ತ ನಿಂತ. ಅರ್ಧ ನಿಮಿಷ ಆಗಿರಲಿಲ್ಲ. "ಮೂರನೇ ಸಿಲಿಂಡರ್ ಸತ್ತೈತ್ರೀ ಸರ್. ತಾಳಾ ಅಲ್ಲೇ ತಪ್ಪಾಕತ್ತೈತಿ."

ಸರಿಯಾಗಿತ್ತು. ಸರ್ ನಂಬಲಿಲ್ಲ. ಅದನ್ನು ಸರಿಮಾಡಿ ಬೇರೊಂದು ಕೆಡಿಸಿದರು. ಅದನ್ನೂ ಹಿಡಿದ. ಈಗ ಸರ್‌ಗೇ ಆಸೆಯಾಗಿ, ಎಲ್ಲರೂ ಹಾಡಿನ ಜೊತೆ ಕೇಳಿ ನೋಡಿ ಎಂದರು. ಹನ್ನೆರಡು ಜನ ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು, ಎಂಜಿನ್ನಿನ ಸುತ್ತ ಕಣ್ಣು ಮುಚ್ಚಿ ತಲೆ ಆಡಿಸುತ್ತಿರುವಾಗ ಪ್ರಿನ್ಸಿಪಾಲರು ಒಳಗೆ ಬಂದರು.

"ಏನ್ ನಡದೈತ್ರೀ ಇಲ್ಲಿ?"

ಸರ್ ಕಣ್ಣು ತೆರೆದು, ತಲೆ ನಿಲ್ಲಿಸಿ, ಗಂಭೀರವಾಗಿ ಹೇಳಿದರು: "ಮೂರನೇ ಸಿಲಿಂಡರ್ ನೋಡಾಕತ್ತೇವ್ರೀ."

ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ಒಂದು ನಿಮಿಷ ಕೇಳಿದರು. ಅವರ ಬಲಗಾಲು ತಾನಾಗಿಯೇ ನೆಲಕ್ಕೆ ತಟ್ಟತೊಡಗಿತು. "ಸೌಂಡ್ ಸ್ವಲ್ಪ ಹೆಚ್ಚ ಮಾಡ್ರಿ," ಎಂದರು, "ನನಗ ಎರಡನೇದರ ಮ್ಯಾಲೂ ಅನುಮಾನ ಐತಿ."

ಪಾಲಕರ ಸಭೆ

ವರ್ಷದ ನಡುವೆ ಪಾಲಕರ ಸಭೆ ಕರೆದರು. ನನಗೆ ಚೀಟಿ ಕೊಡಲಿಲ್ಲ, ನೇರವಾಗಿ ಅತ್ತೆಗೆ ಫೋನು ಹೋಯಿತು. ಹೊಸ ಇಳಕಲ್ ಸೀರೆ ಉಟ್ಟು ಮುಂಜಾನೆಯೇ ಬಂದು, ಹುಡುಗರ ಅಪ್ಪಂದಿರ ನಡುವೆ ಮುಂದಿನ ಕುರ್ಚಿಯಲ್ಲಿ ಕೂತರು. ನಾನು ಹುಡುಗರ ಜೊತೆ ಗೋಡೆಗೆ ಒರಗಿ ನಿಂತೆ. ನನ್ನ ಮಗ ಹತ್ತನೆಯ ಇಯತ್ತೆಯಲ್ಲಿದ್ದಾನೆ. ಅವನ ಸಾಲೆಯ ಸಭೆಗೆ ನಾನು ಹೋದಾಗ ಅವನಿಗೆ ಹೇಗಾಗುತ್ತಿತ್ತು ಎಂದು ಅವತ್ತು ತಿಳಿಯಿತು.

ನನ್ನ ಸರದಿ ಬಂತು. ಸರ್ ಹೇಳಿದರು: "ನಿಮ್ಮ ಸೊಸಿ ಶ್ಯಾಣ್ಯಾರ ಅದಾರ್ರೀ. ಹಾಜರಿ ಛಲೋ ಐತಿ. ಒಂದ ಏನಂದ್ರ, ಪ್ರಶ್ನೆ ಭಾಳ ಕೇಳ್ತಾರ. ನನಗ ಪಾಠ ಮುಂದ ಒಯ್ಯಾಕ ಬಿಡಂಗಿಲ್ಲ."

ಅತ್ತೆ ನಿಟ್ಟುಸಿರುಬಿಟ್ಟರು. "ಮನ್ಯಾಗೂ ಹಂಗ ರೀ ಸರ್. ಇಪ್ಪತ್ತು ವರ್ಸ ನಾ ತಡಕೊಂಡೆ. ಇನ್ನ ನನ್ನ ಕೈಲಿ ಆಗಂಗಿಲ್ಲಂತ ನಿಮ್ಮ ಕಡೆ ಹಾಕೇನಿ."

ಹಿಂದಕ್ಕೆ ನಡೆದ ಮಗ್ಗ

ಹನ್ನೊಂದನೆಯ ತಿಂಗಳು ಕೊನೆಗೂ ಮೋಟಾರಿನ ಪಾಠ ಬಂತು. ಅದೇ ವಾರ ನಮ್ಮ ಮನೆಯ ಒಂದು ಮೋಟಾರು ಸುಟ್ಟಿತು. ಅಂಗಡಿಯಲ್ಲಿ ತಂತಿ ಸುತ್ತಿಸಿ ತಂದೆ. ಮಗ್ಗಕ್ಕೆ ಕೂಡಿಸುವುದು ಮಾತ್ರ ನಾನೇ ಎಂದು ಸಾರಿದೆ. ಅತ್ತೆ ಓಣಿಯ ಹೆಂಗಸರನ್ನೆಲ್ಲ ನೋಡಲು ಕರೆದರು. ಜೊತೆಗೆ, ನನಗೆ ತಿಳಿಯದ ಹಾಗೆ, ಜಾಬರ್ ಕಾಕಾಗೂ ಫೋನು ಹಚ್ಚಿದ್ದರು.

ಮೋಟಾರು ಕೂಡಿಸಿದೆ. ಬೋಲ್ಟು ಬಿಗಿದೆ. ಮೂರು ತಂತಿ ಸಿಗಿಸಿದೆ. ದೇವರಿಗೆ ಕೈ ಮುಗಿದು ಬಟನ್ ಒತ್ತಿದೆ.

ಮಗ್ಗ ನಡೆಯಿತು, ಹಿಂದಕ್ಕೆ. ಗಾಲಿಗಳೆಲ್ಲ ಉಲ್ಟಾ ತಿರುಗಿ, ಲಾಳಿ ದಿಕ್ಕು ಕಾಣದೆ ಅತ್ತಿತ್ತ ಬಡಿದು, ನೆರೆಮನೆಯವಳ ಕಾಲ ಹತ್ತಿರ ಬಂದು ಬಿತ್ತು. ಓಡಿ ಹೋಗಿ ಬಂದ್ ಮಾಡಿದೆ. ಅದೇ ಹೊತ್ತಿಗೆ, ಜೀವಮಾನದಲ್ಲಿ ಮೊದಲ ಸಲ ಕರೆದ ದಿನವೇ, ಕಾಕಾ ಬಂದರು.

ಚೀಲ ಇಟ್ಟರು. ಕಟ್ಟೆಯ ಮೇಲೆ ಕೂತರು. ಚಹಾ ಕುಡಿದರು. ಆಮೇಲೆ, "ಕೊನಿಗಿ ಕೈ ಹಚ್ಚಿದವ್ರು ಯಾರು?"

ಓಣಿಯ ಏಳು ಹೆಂಗಸರು ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಪಾನಾ ಇತ್ತು. ಮೂಗಿನ ಮೇಲೆ ಗ್ರೀಸು ಇತ್ತು. ಮೈಮೇಲೆ ಖಾಕಿ ಅಂಗಿ ಇತ್ತು.

"ನಾ ಅಲ್ರೀ" ಅಂದೆ.

ಕಾಕಾ ಎದ್ದು ಬಟನ್ ಒತ್ತಿ ಒಂದು ಕ್ಷಣ ಮಗ್ಗ ನೋಡಿ ಬಂದ್ ಮಾಡಿದರು. ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರು. ಮತ್ತೆ ಒತ್ತಿದರು. ಮಗ್ಗ ಮುಂದಕ್ಕೆ ನಡೆಯಿತು. ಇಷ್ಟೇ ಕೆಲಸ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳಿದರು: "ನೇಯೂ ಮಗ್ಗಾ ಮೂವತ್ತು ವರ್ಸ ನೋಡೇನವಾ. ನೇಯ್ದಿದ್ದು ಬಿಚ್ಚೂ ಮಗ್ಗಾ ಇವತ್ತ ನೋಡಿದೆ."

ಅಮಾವಾಸ್ಯೆಯ ಭಂಡಾರ

ಅವತ್ತು ಒಳಗೆ ಹೋಗಿ ಅತ್ತದ್ದು ಖರೆ. ತಂತಿ ತಪ್ಪಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ಅತ್ತೆಯೂ ಮೆತ್ತಗೆ ಏನೂ ಹೇಳಲಿಲ್ಲ. ಸೀರೆ ವ್ಯಾಪಾರಕ್ಕೆ ಬಂದವರೊಬ್ಬರ ಹತ್ತಿರ, "ಮಗ್ಗಾ ಯಾರರ ತಗೋಳವ್ರು ಇದ್ರ ಮುಂದಿನ ತಿಂಗಳ ಹೇಳ್ತೇನಿ" ಎಂದದ್ದು ನನ್ನ ಕಿವಿಗೆ ಬಿತ್ತು. ಮುಂದಿನ ತಿಂಗಳು ಎಂದರೆ ನನ್ನ ಪರೀಕ್ಷೆ.

ಪರೀಕ್ಷೆ ಎಂದರೆ ಬರೆಯುವುದಲ್ಲ. ಹೊರಗಿನ ಊರಿನಿಂದ ಪರೀಕ್ಷಕರು ಬರುತ್ತಾರೆ, ಎಂಜಿನ್ನಿನಲ್ಲಿ ಗುಟ್ಟಾಗಿ ಏನೋ ಕೆಡಿಸುತ್ತಾರೆ. ಒಬ್ಬೊಬ್ಬರಾಗಿ ಹೋಗಿ ಅದನ್ನು ಹುಡುಕಿ ಎಂಜಿನ್ ಚಾಲೂ ಮಾಡಬೇಕು. ಚಾಲೂ ಆದರೆ ಪಾಸು, ಆಗದಿದ್ದರೆ ಇನ್ನೂ ಆರು ತಿಂಗಳು. ನನ್ನ ಹತ್ತಿರ ಆರು ತಿಂಗಳಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಡಿ, ಗಿರಣಿ, ಮಗ್ಗ, ಯಾವುದನ್ನೂ ಪೂಜೆ ಮಾಡದೆ ಬಿಡುವುದಿಲ್ಲ. ಹುಡುಗರೆಲ್ಲ ಸೇರಿ ಪರೀಕ್ಷೆಯ ಎಂಜಿನ್ನಿಗೆ ಪೂಜೆ ಇಟ್ಟುಕೊಂಡರು. ಮುಂದಾಳು ಬೀಳಗಿಯ ಹುಡುಗ. ಕುರಿ ಸಾಕುವ ಮನೆತನ, ಬೀರೇಶ್ವರನ ಭಕ್ತ. ದೇವರ ಅರಿಷಿಣ ಪುಡಿ, ಅಂದರೆ ಭಂಡಾರ, ಅದರ ಚೀಲವಿಲ್ಲದೆ ಅವನು ಮನೆಯ ಹೊರಗೆ ಕಾಲಿಡುತ್ತಿರಲಿಲ್ಲ.

"ಎಂಜಿನ್ ಮ್ಯಾಲ ಕಾಯಿ ನೀರು ಬೀಳಬಾರದು ನೋಡ್ರಪಾ" ಎಂದಷ್ಟೇ ಹೇಳಿ ಸರ್ ಹೋದರು. ಭಂಡಾರದ ಬಗ್ಗೆ ಏನೂ ಹೇಳಲಿಲ್ಲ.

ಎಂಜಿನ್ ಚಾಲೂ ಮಾಡಿ, ಊದುಬತ್ತಿ ಬೆಳಗಿ, ಕಾಯಿ ಹೊರಗೆ ಒಡೆದು, ಹುಡುಗರು ಒಬ್ಬೊಬ್ಬರಾಗಿ ಎಂಜಿನ್ನಿನ ಮೈಮೇಲೆ ಚಿಟಿಕೆ ಚಿಟಿಕೆ ಭಂಡಾರ ಹಾರಿಸಿದರು. ನಾನು ದೇವರ ವಿಷಯದಲ್ಲಿ ಹೆಚ್ಚಿನವಳೂ ಅಲ್ಲ, ಕಡಿಮೆಯವಳೂ ಅಲ್ಲ. ಆದರೆ ನಾಳೆ ಪರೀಕ್ಷೆ ಎಂದರೆ ಭಕ್ತಿ ತಾನಾಗಿಯೇ ಹೆಚ್ಚುತ್ತದೆ. ಚಿಟಿಕೆಯಲ್ಲಿ ಏನಾಗುತ್ತದೆ ಎಂದು ನಾನು ಒಂದು ಹಿಡಿ ತುಂಬ ತೆಗೆದುಕೊಂಡೆ. ದೇವರಿಗೆ ಎಡೆ ಹಿಡಿಯುವುದು ಬಾಯಿಗೆ. ಎಂಜಿನ್ನಿಗೂ ಒಂದು ಬಾಯಿ ಇದೆ, ಗಾಳಿ ಎಳೆದುಕೊಳ್ಳುವ ಬಾಯಿ. ಅಲ್ಲಿ ಕೈ ಹಿಡಿದೆ.

ಭಂಡಾರ ಸುರ್ರನೆ ಒಳಗೆ ಹೋಯಿತು.

"ಅಕ್ಕಾರ!" ಎಂದ ಬೀಳಗಿ ಹುಡುಗ, ಕಣ್ಣಲ್ಲಿ ನೀರು ತಂದು. "ದೇವರು ಹೆಂಗ ತಗೊಂಡ ನೋಡ್ರಿ!"

ನನಗೂ ಮೈ ಜುಮ್ಮೆಂದಿತು. ಇನ್ನೂ ಎರಡು ಹಿಡಿ ಕೊಟ್ಟೆ. ಅದನ್ನೂ ತೆಗೆದುಕೊಂಡಿತು. ಆಮೇಲೆ ಎಂಜಿನ್ ಬಂದ್ ಮಾಡಿ, ಕಾಯಿ ಬೆಲ್ಲ ತಿಂದು, ಸಮಾಧಾನದಿಂದ ಮನೆಗೆ ಹೋದೆವು.

ಮರುದಿನ ಪರೀಕ್ಷಕರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ ಎಂಜಿನ್ನಿನ ಡಿಸೇಲ್ ಪೈಪಿನಲ್ಲಿ ಗಾಳಿ ಸೇರಿಸಿಟ್ಟರು. ಮೊದಲ ಸರದಿ ಮುಧೋಳದ ಹುಡುಗನದು. ಐದೇ ನಿಮಿಷದಲ್ಲಿ ತಪ್ಪು ಹಿಡಿದು, ಪೈಪಿನ ಗಾಳಿ ತೆಗೆದು, ನಟ್ಟು ಬಿಗಿದು, ಹ್ಯಾಂಡಲ್ ಹೊಡೆದ. ಎಂಜಿನ್ ಕೊಕ್ ಕೊಕ್ ಎಂದು ಕರಿ ಹೊಗೆ ಬಿಟ್ಟು ಸುಮ್ಮನಾಯಿತು.

"ಇನ್ನೂ ಏನೋ ಉಳದೈತಿ, ನೋಡ್ರಿ" ಎಂದು ಪರೀಕ್ಷಕರು ಮುಗುಳ್ನಕ್ಕರು.

ಎರಡನೆಯವನು ಹೋದ. ಕೊಕ್ ಕೊಕ್. ಮೂರನೆಯವನು, ಕೊಕ್ ಕೊಕ್. ಬೀಳಗಿ ಹುಡುಗ ಎಂಜಿನ್ನಿಗೆ ನಮಸ್ಕಾರ ಮಾಡಿ ಹೊಡೆದ. ಅವನಿಗೂ ಅಷ್ಟೇ. ಆರನೆಯವನ ಹೊತ್ತಿಗೆ ಪರೀಕ್ಷಕರ ನಗು ಹೋಗಿತ್ತು. ಎಂಟನೆಯವನು ಸೋತಾಗ ಅವರೇ ಗಡಿಯಾರ ಬಿಚ್ಚಿಟ್ಟು ಹ್ಯಾಂಡಲ್ ಹಿಡಿದರು. ನಮ್ಮ ಸರ್ ಹಿಡಿದರು. ಇಬ್ಬರೂ ಕೂಡಿ ಹಿಡಿದರು. ಬಿಳಿ ಅಂಗಿ ಬಿಳಿ ಉಳಿಯಲಿಲ್ಲ. ತಪ್ಪು ಡಿಸೇಲ್ ಪೈಪಿನಲ್ಲಿದೆ ಎಂದು ಗೊತ್ತಿದ್ದುದರಿಂದ ಎಲ್ಲರೂ ಅಲ್ಲೇ ಬಿಚ್ಚಿ ಅಲ್ಲೇ ಕೂಡಿಸುತ್ತಿದ್ದರು.

ಹನ್ನೆರಡನೆಯವಳು ನಾನು. ಹನ್ನೊಂದು ಹುಡುಗರು ಗೋಡೆಗೆ ಒರಗಿ ಕೂತು ನೆಲ ನೋಡುತ್ತಿದ್ದರು. ನಾನು ಎಂಜಿನ್ನಿನ ಮುಂದೆ ನಿಂತೆ. ಪೈಪು ನೋಡಿದೆ, ಏನೂ ತಿಳಿಯಲಿಲ್ಲ. ನಾಲ್ಕು ಮಗ್ಗಗಳೂ ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿರುವುದು ಕಣ್ಣ ಮುಂದೆ ಬಂತು. ಕಾಕಾ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನೋಡುತ್ತಿರುವುದೂ ಬಂತು. ಆ ಸಿಟ್ಟಿನಲ್ಲೇ ಅವರ ಪ್ರಶ್ನೆಯೂ ಬಂತು.

ಇದು ನಿನ್ನೆ ಚಾಲೂ ಇತ್ತು. ಇವತ್ತು ಇಲ್ಲ. ನಡುವೆ ಕೊನೆಗೆ ಕೈ ಹಚ್ಚಿದವರು ಯಾರು?

ನನ್ನ ಕೈ ನೋಡಿಕೊಂಡೆ, ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಇತ್ತು.

ಪೈಪು ಬಿಟ್ಟು, ಗಾಳಿ ಸೋಸುವ ಡಬ್ಬಿಯ ಹತ್ತಿರ ಹೋಗಿ, ಕೆಳಗಿನ ಬಟ್ಟಲು ಬಿಚ್ಚಿದೆ. ಧೂಳು ಹಿಡಿಯಲೆಂದು ಅದರಲ್ಲಿ ಎಣ್ಣೆ ಇರುತ್ತದೆ. ಆ ಎಣ್ಣೆಯಲ್ಲಿ ನನ್ನ ಮೂರು ಹಿಡಿ ಭಂಡಾರ ಕಲಸಿ, ಥೇಟ್ ಕಡಲೆಹಿಟ್ಟಿನ ಝುಣಕದ ಹಾಗೆ ಗಟ್ಟಿಯಾಗಿ, ಜಾಳಿಗೆಯ ತುಂಬ ಮೆತ್ತಿಕೊಂಡಿತ್ತು. ಒಂದು ಎಳೆ ಗಾಳಿ ಹೋಗಲು ದಾರಿ ಇರಲಿಲ್ಲ. ಎಲ್ಲವನ್ನೂ ಬಳಿದು ತೆಗೆದು, ಡಿಸೇಲಿನಲ್ಲಿ ತೊಳೆದು, ಹೊಸ ಎಣ್ಣೆ ಹಾಕಿ ಕೂಡಿಸಿದೆ. ಆಮೇಲೆ ಪೈಪಿನ ಗಾಳಿಯನ್ನೂ ತೆಗೆದೆ. ಹ್ಯಾಂಡಲ್ ಹೊಡೆದೆ.

ಮೊದಲ ಏಟಿಗೇ ಚಾಲೂ. ಮೊದಲ ಹೊಗೆ ಹಳದಿ ಇತ್ತು ಎಂದು ಬೀಳಗಿ ಹುಡುಗ ಇಂದಿಗೂ ಆಣೆ ಮಾಡುತ್ತಾನೆ.

ಪರೀಕ್ಷಕರು ಬಟ್ಟಲಿನಿಂದ ಬಳಿದು ತೆಗೆದದ್ದನ್ನು ಬೆರಳಿನಿಂದ ಮುಟ್ಟಿ, ಮೂಸಿ ನೋಡಿದರು. "ಇದು ಅರಿಷಿಣ ಅಲ್ಲೇನ್ರೀ?"

"ಹೌದ್ರೀ ಸರ್."

"ನಾವು ಇಷ್ಟು ಮಂದಿಗಿ ಹೊಳೀಲಿಲ್ಲ. ನಿಮಗ ಹೆಂಗ ಗೊತ್ತಾತು?"

ಒಂದು ಕ್ಷಣ ಬಾಯಿಗೆ "ಅನುಭವದಿಂದ" ಎಂಬ ಮಾತು ಬಂತು. ಹಿಂದಕ್ಕೆ ನಡೆದ ಮಗ್ಗ ನೆನಪಾಯಿತು.

"ನಾನ ಹಾಕಿದ್ದೆ ಸರ್."

"ನೀವು? ಯಾಕ್ರೀ?"

"ಪಾಸಾಗಲಿ ಅಂತ ಸರ್."

ಪರೀಕ್ಷಕರು ನನ್ನನ್ನು ನೋಡಿದರು, ಎಂಜಿನ್ನನ್ನು ನೋಡಿದರು, ತಮ್ಮ ಅಂಗಿಯನ್ನು ನೋಡಿಕೊಂಡರು. ಗೋಡೆಯ ಕಡೆಯಿಂದ ಬೀಳಗಿ ಹುಡುಗನ ದನಿ ಬಂತು: "ಆದ್ರಲ್ರೀ ಸರ್ ಪಾಸು. ದೇವರು ಸುಳ್ಳಾಗಲಿಲ್ಲ."

ಪರೀಕ್ಷಕರು ನಕ್ಕದ್ದು ಹೊರಗಿನ ರಸ್ತೆಯವರೆಗೆ ಕೇಳಿತು. ಹುಡುಗರಿಗೆಲ್ಲ ಇನ್ನೊಂದು ಸಲ ಅವಕಾಶ ಕೊಟ್ಟರು. ಹನ್ನೆರಡೂ ಜನ ಪಾಸಾದೆವು.

ಮನೆಗೆ ಬಂದು ಹೇಳಿದೆ. ಅತ್ತೆ ಪೂರಾ ಕೇಳಿ, ಸೊಂಟದಲ್ಲಿದ್ದ ಶೆಡ್ಡಿನ ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟು, ಚಹಾ ಇಡಲು ಒಳಗೆ ಹೋದರು. ಅಷ್ಟರಲ್ಲಿ ಸುದ್ದಿ ಕೇಳಿ ಜಾಬರ್ ಕಾಕಾ ಬಂದರು. ಚೀಲ ಹೆಗಲಲ್ಲೇ ಇತ್ತು. ಕೆಳಗೆ ಇಡಲಿಲ್ಲ. ಕಟ್ಟೆಯ ಮೇಲೆ ಕೂತು ಕೇಳಿದರು: "ಎಂಜಿನ್ ಬಿಚ್ಚೂಕಿಂತ ಮೊದಲ, ಕೊನಿಗಿ ಕೈ ಹಚ್ಚಿದವ್ರು ಯಾರಂತ ಕೇಳಿದ್ಯೋ ಇಲ್ಲೋ?"

"ಕೇಳಿದೆ ಕಾಕಾ."

"ಯಾರಂತ?"

"ನಾನ ರೀ."

ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಚೀಲ ಬಿಚ್ಚದೆಯೇ ಒಳಗೆ ಕೈ ತೂರಿಸಿ, ತಮ್ಮ ಹನ್ನೆರಡು-ಹದಿಮೂರರ ಪಾನಾ ತೆಗೆದು, ಧೋತರದಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ಮೂವತ್ತು ವರ್ಸಾತವಾ ಮನಿ ಮನಿಗಿ ಹೋಗಿ ಇದನ್ನ ಕೇಳಾಕ ಹತ್ತಿ," ಎಂದರು. "'ನಾನ' ಅಂದಾಕಿ ನೀನ ಮೊದಲ."